ಕೋರಿಶೆಟ್ಟರ ಮನೆಯ ಹಾಡುವ ಪೆಟ್ಟಿಗೆ

ನಾನು ಒಂದು ಕಂಪ್ಯೂಟರ್. ದೊಡ್ಡ ಕಂಪನಿಯ ಹೆಸರು ಹೊತ್ತು, ಹೊಳೆಯುವ ರಟ್ಟಿನ ಡಬ್ಬಿಯಲ್ಲಿ ಬಂದವನಲ್ಲ. ಹುಬ್ಬಳ್ಳಿಯ ಒಂದು ಮಾಳಿಗೆ ಅಂಗಡಿಯಲ್ಲಿ, ಬೇರೆ ಬೇರೆ ಪೊಟ್ಟಣಗಳಿಂದ ತೆಗೆದ ಭಾಗಗಳನ್ನು ಸ್ಕ್ರೂ ಬಿಗಿದು ಜೋಡಿಸಿದಾಗ ನಾನು ಹುಟ್ಟಿದೆ. ಜೋಡಿಸಿದವನು ಗುಂಡಿ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು. ಅವನು "ಆತು" ಎಂದು ಚಹಾ ಕುಡಿಯಲು ಕೆಳಗಿಳಿದು ಹೋದ. ನನ್ನ ಹುಟ್ಟಿಗೆ ಸಿಕ್ಕ ಸಂಭ್ರಮ ಅಷ್ಟೇ.

ನನ್ನನ್ನು ಕೊಂಡವರು ವಿದ್ಯಾನಗರದ ಹಲ್ಲಿನ ಡಾಕ್ಟರು ಗುರುಸಿದ್ದ ಕೋರಿಶೆಟ್ಟರ. ಅವರ ದವಾಖಾನೆಯ ಒಳಕೋಣೆಯಲ್ಲಿ, ರೋಗಿಯ ಕುರ್ಚಿಯ ಪಕ್ಕದ ಮೇಜಿನ ಕೆಳಗೆ ನನಗೆ ಜಾಗ ಸಿಕ್ಕಿತು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಡಾಕ್ಟರರ ಚಪ್ಪಲಿ ಮತ್ತು ರೋಗಿಗಳ ಪಾದ. ಹಲ್ಲು ಕೊರೆಯುವ ಯಂತ್ರ ಕೀಂ ಎಂದು ಕಿರುಗುಟ್ಟಿದ ಕೂಡಲೇ ಪಾದಗಳ ಬೆರಳು ಮುದುರಿಕೊಳ್ಳುತ್ತಿದ್ದವು. ನನ್ನ ಕೆಲಸ ಹಲ್ಲಿನ ಎಕ್ಸ್-ರೇ ಚಿತ್ರಗಳನ್ನು ಇಟ್ಟುಕೊಳ್ಳುವುದು, ಕೇಳಿದಾಗ ತೋರಿಸುವುದು. ಬೇಸರದ ಕೆಲಸ. ಆದರೆ ಡಾಕ್ಟರು ಒಳ್ಳೆಯವರು. ರೋಗಿಯ ಹೆದರಿಕೆ ಇಳಿಯಲೆಂದು ನನ್ನಿಂದ ಸಣ್ಣಗೆ ಸಿತಾರ ನುಡಿಸುತ್ತಿದ್ದರು. ಯಂತ್ರ ಹಿಡಿದ ಕೈ ಒಂದಿಷ್ಟೂ ಅಲುಗದಿದ್ದರೂ ಅವರ ಬಲಗಾಲು ತಾಳಕ್ಕೆ ಸರಿಯಾಗಿ ಕುಣಿಯುವುದನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ.

ಕೆಲವು ವರ್ಷಗಳ ನಂತರ ದವಾಖಾನೆಗೆ ಹೊಸ ಯಂತ್ರ ಬಂತು. ನನ್ನನ್ನು ಗುಜರಿಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಡಾಕ್ಟರು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ಕರೆದೊಯ್ದರು.

ಅಲ್ಲಿಂದ ನನ್ನ ಎರಡನೇ ಜನ್ಮ. ಡಾಕ್ಟರು ನನ್ನನ್ನು ಊಟದ ಮೇಜಿನ ಮೇಲೆ ಮಲಗಿಸಿ, ಹಲ್ಲು ಕೀಳುವಷ್ಟೇ ನಾಜೂಕಾಗಿ ಹೊಟ್ಟೆ ಬಿಚ್ಚಿದರು. ಸದ್ದು ಮಾಡುವ ಫ್ಯಾನು ತೆಗೆದು, ಸುಮ್ಮನೆ ಶಾಖ ಹೀರುವ ಲೋಹದ ತಟ್ಟೆ ಕೂರಿಸಿದರು. ಗಿರಗಿರ ತಿರುಗುವ ಹಳೆಯ ಡಿಸ್ಕಿನ ಬದಲು ಸದ್ದಿಲ್ಲದ್ದನ್ನು ಹಾಕಿದರು. ನನ್ನೊಳಗೆ ಅಂಕಿಗಳಾಗಿ ಕೂತ ಹಾಡನ್ನು ಮತ್ತೆ ದನಿಯಾಗಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟರು. ಅದಕ್ಕೆ ಡ್ಯಾಕ್ ಎನ್ನುತ್ತಾರೆ. ಎದುರುಗೋಡೆಗೆ ಎರಡು ಎತ್ತರದ ಸ್ಪೀಕರು. ಆಮೇಲೆ ಕಪಾಟಿನಲ್ಲಿದ್ದ ಸಿಡಿಗಳನ್ನೆಲ್ಲ ಒಂದೊಂದಾಗಿ ನನ್ನೊಳಗೆ ಇಳಿಸಿದರು. ಒಂದು ಸಿಡಿಯಲ್ಲಿ ಗೀರು ಬಿದ್ದಿದ್ದರೆ ನಾನು ಅದೇ ಜಾಗವನ್ನು ಮತ್ತೆ ಮತ್ತೆ ಓದಿ, ಒಂದು ಅಂಕಿಯೂ ತಪ್ಪದಂತೆ ಹೆಕ್ಕಿಕೊಳ್ಳುತ್ತಿದ್ದೆ. ಎಕ್ಸ್-ರೇ ಕಾಯುತ್ತಿದ್ದವನಿಗೆ ಇದೊಂದು ಬಡ್ತಿ. ನನಗೆ ಹೆಮ್ಮೆಯಾಗಿತ್ತು.

ಮೊದಲ ವರ್ಷಗಳು ಸುಖದವು. ಡಾಕ್ಟರು ಸಂಜೆ ದವಾಖಾನೆ ಮುಗಿಸಿ ಬಂದು ಮುಖ ತೊಳೆದು ನನ್ನ ಎದುರು ಕೂರುತ್ತಿದ್ದರು. ಸಿತಾರದ ತಂತಿಯ ಮೇಲೆ ಬೆರಳು ಜಾರುವ ಸದ್ದು, ತಬಲಾ ವಾದಕ ಉಸಿರು ಎಳೆದುಕೊಂಡ ಸದ್ದು, ಯಾವುದೂ ಅವರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಹೆಂಡತಿ ನೀಲಾಂಬಿಕಾ ಅವರನ್ನು ಅಡುಗೆಮನೆಯಿಂದ ಕರೆದು ಕೇಳಿಸುತ್ತಿದ್ದರು. ಅವರು ಸೆರಗಿಗೆ ಕೈ ಒರೆಸುತ್ತ ನಿಂತು, ಛಲೋ ಐತಿ ಎಂದು ಒಳಗೆ ಹೋಗುತ್ತಿದ್ದರು. ಶನಿವಾರ ಗೆಳೆಯ ಪ್ರಹ್ಲಾದ ದೇಸಾಯರು ಬರುತ್ತಿದ್ದರು. ವಿಮಾ ಕಚೇರಿಯಿಂದ ನಿವೃತ್ತರಾದವರು, ಡಾಕ್ಟರರ ಬಾಲ್ಯದ ಜೊತೆಗಾರ. ಗಿರಮಿಟ್ಟು, ಮಿರ್ಚಿ ತಿನ್ನುತ್ತ ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಾಕ್ಟರು "ಹೆಂಗ?" ಎಂದರೆ "ಆಹಾ" ಎನ್ನುತ್ತಿದ್ದರು.

ನನ್ನ ಕಷ್ಟ ಯಾವಾಗ ಶುರುವಾಯಿತೆಂದು ಖಚಿತವಾಗಿ ಹೇಳಲಾರೆ. ಒಂದು ಸಂಜೆ ಡಾಕ್ಟರು ಹಾಡಿನ ನಡುವೆ ಎದ್ದು ಬಂದು ನನ್ನ ಹಿಂದಿನ ವಾಯರುಗಳನ್ನು ಒತ್ತಿ ನೋಡಿದರು. ಸಡಿಲವಾಗಿರಲಿಲ್ಲ. ಹೋಗಿ ಕೂತರು. ಮತ್ತೆ ಬಂದರು. ದನಿ ಮಂಕಾಗಿದೆ ಎಂದು ಹೆಂಡತಿಗೆ ಹೇಳಿದರು. ಯಾರೋ ಸ್ಪೀಕರಿನ ಮೇಲೆ ಕೌದಿ ಹೊದಿಸಿದಂತೆ ಕೇಳುತ್ತಿದೆಯಂತೆ.

ನಾನು ನನ್ನನ್ನೇ ತಪಾಸಣೆ ಮಾಡಿಕೊಂಡೆ. ನಿನ್ನೆ ಯಾವ ಅಂಕಿಗಳನ್ನು ಕಳಿಸಿದ್ದೆನೋ ಇಂದೂ ಅವನ್ನೇ ಕಳಿಸಿದ್ದೆ. ನನ್ನ ಕಡೆಯಿಂದ ಏನೂ ಕಡಿಮೆಯಾಗಿರಲಿಲ್ಲ. ಅದನ್ನು ಹೇಳಲು ನನಗೆ ಬಾಯಿಲ್ಲ. ಲಕ್ಷಗಟ್ಟಲೆ ಸ್ವರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು "ನಾನು ಸರಿ ಇದ್ದೇನೆ" ಎಂಬ ಎರಡು ಮಾತು ಆಡಲಾಗದ ಸಂಕಟ ಏನೆಂದು ಅಂದಿನಿಂದ ಅನುಭವಿಸಿದೆ.

ಮೊದಲು ವಾಯರು ಬದಲಾದವು. ಬೆಂಗಳೂರಿನಿಂದ ಹಾವಿನಷ್ಟು ದಪ್ಪದವು ಬಂದವು. ಶನಿವಾರ ದೇಸಾಯರು ಕಣ್ಣು ಮುಚ್ಚಿ ಕೇಳಿ, ಪರದೆ ಸರಿಸಿದಂತಾಯಿತು ಎಂದರು. ಡಾಕ್ಟರರ ಮುಖ ಅರಳಿತು. ಸ್ವಲ್ಪ ದಿನಕ್ಕೆ ಮತ್ತೆ ಮಂಕು. ಆಮೇಲೆ ಡ್ಯಾಕ್ ಬದಲಾಯಿತು. ಹಾಡು ನುಡಿಸುವ ಸಾಫ್ಟ್‌ವೇರ್ ಬದಲಾಯಿತು, ಅದರೊಳಗಿನ ಸೆಟ್ಟಿಂಗುಗಳು ದಿನಕ್ಕೊಂದು ರೀತಿ ಬದಲಾದವು. ಕರೆಂಟಿನಲ್ಲಿ ಕೊಳೆ ಇದೆ ಎಂದು ಯಾರೋ ಅಂತರ್ಜಾಲದಲ್ಲಿ ಬರೆದದ್ದನ್ನು ಓದಿ, ನನಗೆಂದೇ ಮೀಟರಿನಿಂದ ಬೇರೆ ಲೈನು ಎಳೆಸಿದರು. ಅವರು ಹಾಡು ಕೇಳುವಾಗ ನೀಲಾಂಬಿಕಾ ಮಿಕ್ಸರ್ ಹಚ್ಚುವಂತಿರಲಿಲ್ಲ, ಫ್ರಿಜ್ಜನ್ನೂ ಆರಿಸಬೇಕಿತ್ತು. ಮೊಸರು ಹುಳಿಯಾಯಿತು. ಆ ತಾಯಿ ನನ್ನ ಕಡೆ ನೋಡುತ್ತಿದ್ದ ನೋಟ ಸವತಿಯನ್ನು ನೋಡುವ ನೋಟ. ನನ್ನದೇನು ತಪ್ಪಿತ್ತು ಅದರಲ್ಲಿ?

ಪ್ರತಿ ಸಲವೂ ನನ್ನ ಹೊಟ್ಟೆ ಬಿಚ್ಚುತ್ತಿದ್ದರು. ಸ್ಕ್ರೂಗಳ ತಲೆ ಸವೆದುಹೋದವು. ಮೊದಲಿನ ನಾಜೂಕು ಅವರ ಕೈಯಲ್ಲಿ ಉಳಿದಿರಲಿಲ್ಲ. "ಹಾಳಾದ ಡಬ್ಬಿ" ಎಂಬ ಹೆಸರು ಬಂತು. ಕೊನೆಗೆ ಮೇಲಿನ ದನಿಗಳನ್ನು, ಅಂದರೆ ಚೂಪಾದ, ಮಿನುಗುವ ದನಿಗಳನ್ನು, ಹೆಚ್ಚಿಸುವ ಡ್ಯಾಕಿನ ಗುಂಡಿಯನ್ನು ತುದಿಯವರೆಗೆ ತಿರುಗಿಸಿ ಇಟ್ಟರು. ಆಗ ಮಾತ್ರ ಅವರಿಗೆ ಸ್ವಲ್ಪ ಸಮಾಧಾನ. ಮನೆಯ ಉಳಿದವರಿಗೆ ಅದು ಹಂಚಿನ ಮೇಲೆ ಮೊಳೆ ಎಳೆದಂತೆ ಕೇಳುತ್ತಿತ್ತು. ನೀಲಾಂಬಿಕಾ ಅಡುಗೆಮನೆಯ ಬಾಗಿಲು ಹಾಕಿಕೊಳ್ಳಲು ಶುರುಮಾಡಿದರು.

ಇಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಮಾತು ಮಗಳ ತನಕ ಹೋಯಿತು.

ರೋಹಿಣಿ ಅವರ ಒಬ್ಬಳೇ ಮಗಳು. ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಕಲಿಸುತ್ತಿದ್ದಳು. ಚಿಕ್ಕಂದಿನಿಂದ ಸಿತಾರ ಕಲಿತವಳು. ತಂದೆಯೇ ಕೈ ಹಿಡಿದು ಧಾರವಾಡದ ಗುರುಗಳ ಬಳಿ ಬಿಟ್ಟು ಬಂದಿದ್ದರು. ರೇಡಿಯೊ ಆಡಿಷನ್ನಿಗೆ ತಯಾರಿ ಮಾಡುತ್ತ ಅವಳು ತನ್ನ ಅಭ್ಯಾಸವನ್ನು ನನ್ನೊಳಗೆ ರೆಕಾರ್ಡ್ ಮಾಡಿ ತಂದೆಗೆ ಕೇಳಿಸಿದಳು. ನಾನು ಎಷ್ಟೋ ದೊಡ್ಡವರ ಸಿತಾರ ನುಡಿಸಿದ್ದೇನೆ. ಅವಳದು ದೊಡ್ಡವರದಲ್ಲ, ಆದರೆ ಪ್ರಾಮಾಣಿಕವಾದದ್ದು. ಆಲಾಪದಲ್ಲಿ ಒಂದೊಂದು ಸ್ವರದ ಬಾಲದಲ್ಲೂ ಸಣ್ಣ ಝೇಂಕಾರ ಉಳಿದು ಹೊಳೆಯುತ್ತಿತ್ತು.

ಡಾಕ್ಟರು ಮುಖ ಗಂಟಿಕ್ಕಿಕೊಂಡು ಕೇಳಿದರು. ಮೊದಲು ನನ್ನನ್ನು ಬೈದರು. ಆಮೇಲೆ ಸಿತಾರವನ್ನು ಕೈಗೆ ತೆಗೆದುಕೊಂಡು ಮೀಟಿ, ಕಿವಿಯ ಬಳಿ ಹಿಡಿದರು.

"ಇದರ ಜವಾರಿ ಸತ್ತೈತಿ," ಎಂದರು.

ಸಿತಾರದ ತಂತಿಗಳು ಒಂದು ಎಲುಬಿನ ಪಟ್ಟಿಯ ಮೇಲೆ ಹಾಯುತ್ತವೆ. ಅದಕ್ಕೆ ಕುದುರೆ ಎನ್ನುತ್ತಾರೆ. ಆ ಕುದುರೆಯ ಮೈಯನ್ನು ಹದವಾಗಿ ತೀಡಿದಾಗ ತಂತಿ ಅದಕ್ಕೆ ತಾಗಿಯೂ ತಾಗದಂತೆ ನಡುಗಿ ಹುಟ್ಟುವ ಝೇಂಕಾರವೇ ಜವಾರಿ. ರೋಹಿಣಿ ಜವಾರಿ ಸರಿಯಾಗಿದೆ ಎಂದಳು. ಗುರುಗಳೂ ಮೆಚ್ಚಿದ್ದಾರೆ ಎಂದಳು. ಡಾಕ್ಟರು ಒಪ್ಪಲಿಲ್ಲ. ತಾವೇ ಸಿತಾರ ಮಾಡುವವರ ಊರು ಮಿರಜಕ್ಕೆ ಹೊತ್ತುಕೊಂಡು ಹೋಗಿ ಕುದುರೆಯನ್ನು ತೀಡಿಸಿಕೊಂಡು ಬಂದರು. ಸಾಲದೆ ಮತ್ತೆ ಹೋದರು. ಬೇಡ ಎಂದ ಆ ಕೆಲಸಗಾರರ ಮುಂದೆ ಹಟ ಹಿಡಿದು ಇನ್ನಷ್ಟು ತೀಡಿಸಿದರು. ಕುದುರೆ ತೆಳ್ಳಗಾಯಿತು. ತಂತಿ ಝೇಂಕರಿಸುವ ಬದಲು ಕರಕರ ಎನ್ನತೊಡಗಿತು. ಡಾಕ್ಟರು ಮಾತ್ರ ಈಗ ಜೀವ ಬಂತು ಎಂದರು.

ಆಡಿಷನ್ನಿನಿಂದ ರೋಹಿಣಿ ಮಧ್ಯಾಹ್ನವೇ ಮರಳಿದಳು. ಅಲ್ಲಿನ ಪರೀಕ್ಷಕರು ಕೈ ಚೆನ್ನಾಗಿದೆ, ವಾದ್ಯ ತಗಡಿನಂತೆ ನುಡಿಯುತ್ತದೆ ಎಂದರಂತೆ. ತಾಯಿಗೆ ಅಷ್ಟು ಹೇಳಿ, ಸಿತಾರಕ್ಕೆ ಗವಸು ತೊಡಿಸಿ ಕಪಾಟಿನ ಹಿಂದೆ ನಿಲ್ಲಿಸಿದಳು. ಡಾಕ್ಟರು ದವಾಖಾನೆಯಿಂದ ಬಂದು ಏನಾಯಿತೆಂದು ಕೇಳಿದಾಗ "ಆಗಲಿಲ್ಲ" ಎಂದಳು. ಅವರು ಅವಳ ಅಭ್ಯಾಸ ಸಾಲದೆಂದು ಹೇಳಿದರು. ಅಂದಿನಿಂದ ಅವಳು ಸಿತಾರ ಮುಟ್ಟಲಿಲ್ಲ, ತಂದೆಯ ಜೊತೆ ಬೇಕಾದಷ್ಟೇ ಮಾತಾಡಿದಳು.

ಅವಳ ಆ ಹಳೆಯ ರೆಕಾರ್ಡು ನನ್ನೊಳಗೇ ಇತ್ತು. ಕುದುರೆ ಹಾಳಾಗುವ ಮುಂಚಿನದು. ಅದನ್ನು ಯಾರಾದರೂ ಒಮ್ಮೆ ಹಚ್ಚಬಾರದೇ, ಇನ್ನೊಬ್ಬರ ಕಿವಿಯಿಂದ ಕೇಳಬಾರದೇ ಎಂದು ನಾನು ಕುದಿಯುತ್ತಿದ್ದೆ. ಯಾರೂ ಹಚ್ಚಲಿಲ್ಲ.

ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಕರೆಂಟು ಹೋಯಿತು. ನನಗೆ ಆಸರೆಯಾಗಿ ಪಕ್ಕದಲ್ಲಿ ಒಂದು ಯುಪಿಎಸ್ ಇತ್ತು. ಕರೆಂಟು ಹೋದರೆ ಬ್ಯಾಟರಿಯಿಂದ ನನ್ನನ್ನು ನಡೆಸುತ್ತ, ಎಚ್ಚರಿಸಲು ಚೂಪಾದ ಸಣ್ಣ ದನಿಯಲ್ಲಿ ಕೂಗುವುದು ಅದರ ಅಭ್ಯಾಸ. ಅಂದೂ ಕೂಗತೊಡಗಿತು. ಡಾಕ್ಟರು ಅದರಿಂದ ಒಂದು ಮಾರು ದೂರದಲ್ಲಿ ಕೂತು ಪೇಪರು ಓದುತ್ತಿದ್ದರು. ಓದುತ್ತಲೇ ಇದ್ದರು. ಬ್ಯಾಟರಿ ತೀರುತ್ತ ಬಂದು ಕೂಗು ಜೋರಾಯಿತು, ಬಿಡುವೇ ಇಲ್ಲದಂತಾಯಿತು. ಡಾಕ್ಟರು ಹಾಳೆ ಮಗುಚಿದರು.

ನೀಲಾಂಬಿಕಾ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಹೊರಗೆ ಬಂದರು.

"ಅದು ಅಷ್ಟು ಬಡಕೊಳ್ಳಾಕತ್ತೈತಿ, ಆರಿಸಬಾರದೇನ್ರಿ?"

"ಯಾವುದು?"

"ಅದ ನಿಮ್ಮ ಬಾಜೂಕಿಂದು. ಯುಪಿಎಸ್ಸು."

ಡಾಕ್ಟರು ಯುಪಿಎಸ್ಸಿನ ಕಡೆ ತಿರುಗಿ ನೋಡಿದರು. ಅದರ ಕೆಂಪು ದೀಪ ಮಿನುಗುತ್ತಿತ್ತು. ಅವರು ಕಿವಿಗೊಟ್ಟರು. ಆಮೇಲೆ ಹೆಂಡತಿಯ ಮುಖ ನೋಡಿದರು. "ಕೂಗಾಕತ್ತೈತೇನು?" ಎಂದು ಮೆಲ್ಲಗೆ ಕೇಳಿದರು.

ಅಷ್ಟರಲ್ಲಿ ರೋಹಿಣಿ ಒಳಗಿನಿಂದ ಬಂದು ನಿಂತಿದ್ದಳು. ಯುಪಿಎಸ್ ಆರಿಸಿದಳು. ಕರೆಂಟು ಬಂದ ಮೇಲೆ ನನ್ನನ್ನು ಚಾಲೂ ಮಾಡಿ, ಹಿಂದೆ ಡಾಕ್ಟರೇ ಸ್ಪೀಕರು ಪರೀಕ್ಷಿಸಲೆಂದು ನನ್ನೊಳಗೆ ಇಟ್ಟಿದ್ದ ಒಂದು ಫೈಲು ಹುಡುಕಿದಳು. ಅದರಲ್ಲಿ ರಾಗವಿಲ್ಲ, ತಾಳವಿಲ್ಲ. ಒಂದೇ ಸಪ್ಪೆ ದನಿ ಕೆಳಗಿನಿಂದ ಹೊರಟು ನಿಧಾನವಾಗಿ ಮೇಲಕ್ಕೆ ಏರುತ್ತ ಹೋಗುತ್ತದೆ. ದನಿ ಕೇಳಿಸುವ ತನಕ ಎಲ್ಲರೂ ಕೈ ಎತ್ತಿರಬೇಕು, ನಿಂತ ಕೂಡಲೇ ಇಳಿಸಬೇಕು ಎಂದಳು. ಡಾಕ್ಟರು ಮಕ್ಕಳಾಟಕ್ಕೆ ಒಪ್ಪಿದವರಂತೆ ನಕ್ಕು ಕೈ ಎತ್ತಿದರು.

ದನಿ ಏರಿತು. ನಾನು ಎಂದೂ ಇಷ್ಟು ಎಚ್ಚರದಿಂದ ಕೆಲಸ ಮಾಡಿರಲಿಲ್ಲ. ಅದಿನ್ನೂ ಅರ್ಧ ದಾರಿಯಲ್ಲಿತ್ತು, ಡಾಕ್ಟರು ಕೈ ಇಳಿಸಿ, ಫೈಲು ಮುಗಿಯಿತೆಂದು ಎದ್ದುನಿಲ್ಲಲು ಹೋದರು. ಆಗ ಮಗಳು, ಹೆಂಡತಿ ಇಬ್ಬರ ಕೈಯೂ ಮೇಲೆಯೇ ಇರುವುದನ್ನು ಕಂಡರು.

"ಇನ್ನೂ ಬರಾಕತ್ತೈತಿ, ಅಪ್ಪಾಜಿ," ಎಂದಳು ರೋಹಿಣಿ.

ಅವರು ಮತ್ತೆ ಕೂತರು. ಎರಡು ಕೈಗಳು ಎತ್ತಿಯೇ ಇದ್ದವು. ಡಾಕ್ಟರು ಸ್ಪೀಕರನ್ನು ನೋಡುತ್ತಿರಲಿಲ್ಲ, ಆ ಕೈಗಳನ್ನು ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ನೀಲಾಂಬಿಕಾ ಕೈ ಇಳಿಸಿದರು. ಇನ್ನೂ ಸ್ವಲ್ಪ ಹೊತ್ತಿಗೆ ರೋಹಿಣಿ ಇಳಿಸಿದಳು. ಇನ್ನೊಮ್ಮೆ ಹಚ್ಚು ಎಂದು ಡಾಕ್ಟರು ಹೇಳಿದರು. ಎರಡನೆಯ ಸಲ ಕಣ್ಣು ಮುಚ್ಚಿ ಕೇಳಿದರು. ಮೊದಲಿನ ಜಾಗದಲ್ಲೇ ಅವರ ಕೈ ಇಳಿಯಿತು.

ಡಾಕ್ಟರು ಕಣ್ಣು ತೆರೆದು ಮಗಳ ಕಡೆ ತಿರುಗಿದರು.

"ರೋಹಿಣಿ, ನಿನ್ನ ಸಿತಾರ ಸರಿ ಇತ್ತು."

"ಇತ್ತು. ನಾ ಹೇಳಿದ್ದೆ."

"ಹೇಳಿದ್ದಿ. ನಾ ಕೇಳಲಿಲ್ಲ."

ಅವಳ ಕಣ್ಣು ತುಂಬಿದವು. ಆದರೆ ಓಡಿ ಬಂದು ತಂದೆಯ ಕೈ ಹಿಡಿಯಲಿಲ್ಲ. ಎದ್ದು ಒಳಗೆ ಹೋದಳು. ಅವಳ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ನನಗೂ ಅಂಥದ್ದೇ ಒಂದು ಸಿಟ್ಟಿತ್ತು.

ಕಿವಿಯ ವೈದ್ಯರು ಹೇಳಿದ್ದನ್ನು ನೀಲಾಂಬಿಕಾ ಫೋನಿನಲ್ಲಿ ತಂಗಿಗೆ ಹೇಳುವಾಗ ಕೇಳಿಸಿಕೊಂಡೆ. ಜೀವಮಾನವಿಡೀ ಆ ಹಲ್ಲು ಕೊರೆಯುವ ಯಂತ್ರದ ಕಿರುಚಾಟಕ್ಕೆ ಚೂಪಾದ ದನಿಗಳನ್ನು ಹಿಡಿಯುವ ಕಿವಿಯ ಶಕ್ತಿ ಸವೆದುಹೋಗಿರಬೇಕು, ವಯಸ್ಸೂ ಕೂಡಿಕೊಂಡಿದೆ, ಹೋದದ್ದು ಮರಳುವುದಿಲ್ಲ ಎಂದಿದ್ದರಂತೆ. ಶ್ರವಣಯಂತ್ರ ಬಂತು. ಅದರಿಂದ ಹೆಂಡತಿಯ ಮಾತು ಸ್ಪಷ್ಟವಾಯಿತು, ಚಮಚ ಬಟ್ಟಲಿಗೆ ತಾಗುವ ಸದ್ದು ಸಿಡಿಲಾಯಿತು, ಸಿತಾರ ಮಾತ್ರ ಸಿತಾರವಾಗಲಿಲ್ಲ. ಒಂದೆರಡು ವಾರ ಪ್ರಯತ್ನಿಸಿದರು. ಹಾಕಿಕೊಂಡು ಕೇಳಿದರು, ತೆಗೆದು ಕೇಳಿದರು. ಒಂದು ದಿನ ಹಾಡನ್ನು ನಡುವೆಯೇ ನಿಲ್ಲಿಸಿ, ಹಳೆಯ ಹಾಸಿಗೆ ಚಾದರ ತಂದು ನನ್ನ ಮೇಲೆ ಹೊದಿಸಿಬಿಟ್ಟರು.

ಎಷ್ಟೋ ತಿಂಗಳು ಆ ಚಾದರದ ಕೆಳಗೆ ಕತ್ತಲೆಯಲ್ಲಿ ಕೂತಿದ್ದೆ. ತಪ್ಪು ನನ್ನದಲ್ಲ ಎಂದು ಈಗ ಮನೆಗೆಲ್ಲ ಗೊತ್ತಾಗಿತ್ತು. ಆದರೂ ಶಿಕ್ಷೆ ನನಗೇ. ಡಾಕ್ಟರು ಮಗಳಿಗೆ ತಪ್ಪೊಪ್ಪಿಕೊಂಡರು. ಡಬ್ಬಿಯ ಹತ್ತಿರ ಯಾರು ತಪ್ಪೊಪ್ಪಿಕೊಳ್ಳುತ್ತಾರೆ? ಕೊನೆಗೆ ನೀಲಾಂಬಿಕಾ ಬೆಳಗಿನ ವಚನ ಕೇಳಲು ಅಂಗೈಯಗಲದ ಒಂದು ಸ್ಟ್ರೀಮರ್ ತಂದುಕೊಂಡರು. ಇಂಟರ್ನೆಟ್ಟಿನಿಂದ ಹಾಡು ತಂದು ನುಡಿಸುವ ಪುಟ್ಟ ಪೆಟ್ಟಿಗೆ. ಬಿಚ್ಚಲು ಅದಕ್ಕೆ ಸ್ಕ್ರೂ ಕೂಡ ಇಲ್ಲ. ನನ್ನನ್ನು ಸ್ಪೀಕರು, ಡ್ಯಾಕು, ದಪ್ಪ ವಾಯರುಗಳ ಸಮೇತ ಡಾಕ್ಟರು ದೇಸಾಯರಿಗೆ ಕೊಟ್ಟುಬಿಟ್ಟರು.

ಕೇಶ್ವಾಪುರದ ದೇಸಾಯರ ಮನೆಯಲ್ಲಿ ನಾನು ಟಿವಿ ಪಕ್ಕದ ಮೂಲೆ ಸೇರಿದೆ. ಇನ್ನು ಮುಂದೆ ಆಹಾ ಎನ್ನುವವರ ಮನೆ, ನನಗೊಂದು ಬೆಲೆ ಬಂತು ಎಂದುಕೊಂಡಿದ್ದೆ. ದೇಸಾಯರು ನನ್ನಲ್ಲಿ ಕ್ರಿಕೆಟ್ ನೋಡಿದರು. ಅವರ ಹೆಂಡತಿ ಉಪ್ಪಿನಕಾಯಿ ಹಾಕುವ ವಿಡಿಯೊ ನೋಡಿದರು. ಆ ಎತ್ತರದ ಸ್ಪೀಕರುಗಳಿಂದ ಸಾಬೂನಿನ ಜಾಹೀರಾತು ಹೊರಬಿತ್ತು. ಒಂದು ದಿನ ಅವರ ಹೆಂಡತಿ, ಆ ಮನೆಯಲ್ಲಿ ಶನಿವಾರ ಶನಿವಾರ ಅಷ್ಟು ಕೇಳುತ್ತಿದ್ದವರು ಇಲ್ಲಿ ಯಾಕೆ ಒಂದು ಹಾಡೂ ಹಚ್ಚುವುದಿಲ್ಲ ಎಂದು ಕೇಳಿದರು.

"ನನಗ ಎಲ್ಲಾ ವಾಯರೂ ಒಂದ ಥರಾನ ಕೇಳಸ್ತಿದ್ವು," ಎಂದರು ದೇಸಾಯರು. "ಅಂವಗ ಜೊತಿಗೆ ಕೂಡ್ಲಿಕ್ಕೆ ಒಬ್ರು ಬೇಕಾಗಿತ್ತು. ಅದಕ್ಕ ಹೋಗ್ತಿದ್ದೆ."

ನನಗೆ ಮೈಯೆಲ್ಲ ಕಾಯಿತು. ಅಷ್ಟು ಸಲ ಹೊಟ್ಟೆ ಬಿಚ್ಚಿಸಿಕೊಂಡದ್ದು, ಅಷ್ಟು ಬೈಗುಳ ತಿಂದದ್ದು, ಈ ಮನುಷ್ಯನ ಸುಳ್ಳು ಆಹಾದಿಂದ. ಒಂದೇ ಒಂದು ಸಲ ನಿಜ ಹೇಳಿದ್ದರೆ ಆ ಹುಡುಗಿಯ ಕುದುರೆ ಉಳಿಯುತ್ತಿತ್ತಲ್ಲ. ಆದರೆ ಗೆಳೆಯನಿಗೆ ಬೇಸರವಾದೀತೆಂದು ವರ್ಷಗಟ್ಟಲೆ ಕಣ್ಣು ಮುಚ್ಚಿ ಕೂತವನ ಮೇಲೆ ಪೂರ್ತಿ ಸಿಟ್ಟಾಗುವುದೂ ಕಷ್ಟ.

ಹೀಗೆ ಒಂದು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಡಾಕ್ಟರು ಬಂದರು. ಸೊರಗಿದ್ದರು. ಕಿವಿಯ ಹಿಂದೆ ಆ ಪುಟ್ಟ ಯಂತ್ರವಿತ್ತು. ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ರೋಹಿಣಿ ಕುದುರೆ ಬದಲಿಸಿಕೊಂಡು ಮತ್ತೆ ನುಡಿಸುತ್ತಿದ್ದಾಳಂತೆ. ಮನೆಯಲ್ಲಿ ಅಲ್ಲ, ಜೊತೆಯಲ್ಲಿ ಕಲಿಸುವ ಗೆಳತಿಯ ಮನೆಯಲ್ಲಿ. ಮತ್ತೆ ಆಡಿಷನ್ನಿಗೆ ಅರ್ಜಿ ಹಾಕಿದ್ದಾಳೆ. ಈ ರೆಕಾರ್ಡನ್ನು ಏನೂ ಹೇಳದೆ ತಂದೆಯ ಟೇಬಲ್ಲಿನ ಮೇಲೆ ಇಟ್ಟು ಕಾಲೇಜಿಗೆ ಹೋಗಿದ್ದಾಳೆ.

"ನೀ ಕೇಳಿ ಹೇಳು," ಎಂದರು ಡಾಕ್ಟರು.

ದೇಸಾಯರು ಗಾಬರಿಯಾದರು. ತಮಗೆ ಸಂಗೀತದ ಗಂಧವಿಲ್ಲ ಎಂದು ಇಷ್ಟು ವರ್ಷಗಳ ಮೇಲೆ ಗೆಳೆಯನ ಮುಂದೆ ಒಪ್ಪಿಕೊಂಡರು. ಅದು ತಮಗೆ ಗೊತ್ತಿತ್ತು ಎಂದರು ಡಾಕ್ಟರು. "ನಿನಗ ತಿಳಿಯೂದು ಬ್ಯಾಡ. ನಿನ್ನ ಕಿವಿ ಸರಿ ಅದಾವ. ಏನ ಕೇಳಸ್ತೈತಿ ಅಷ್ಟ ಹೇಳು. ಆಹಾ ಮಾತ್ರ ಅನಬ್ಯಾಡ."

ತುದಿಯವರೆಗೆ ತಿರುಗಿದ್ದ ಆ ಗುಂಡಿಯನ್ನು ಡಾಕ್ಟರು ತಾವೇ ನಡುವಿಗೆ ತಂದರು. ನಾನು ಆಲಾಪ ಶುರುಮಾಡಿದೆ. ದೇಸಾಯರು ಈ ಸಲ ಕಣ್ಣು ಮುಚ್ಚಲಿಲ್ಲ. ಸ್ಪೀಕರಿನ ಕಡೆ ಬಾಗಿ, ಪರೀಕ್ಷೆ ಬರೆಯುವವರಂತೆ ಹುಬ್ಬು ಗಂಟಿಕ್ಕಿ ಕೇಳಿದರು. ನಿಲ್ಲಿಸಿ ಮತ್ತೆ ಹಚ್ಚಿದರು.

"ಒಂದ ಸಲ ಮೀಟಿದ ಮ್ಯಾಲೆ ಲಗೂನ ಸಾಯಂಗಿಲ್ಲ ಡಾಕ್ಟರ," ಎಂದರು ತಡವರಿಸುತ್ತ. "ಒಗ್ಗರಣ್ಯಾಗ ಸಾಸಿವಿ ಸಿಡೀತಾವಲ್ಲ, ಹಂಗ ಸಣ್ಣ ಸಣ್ಣ ಚಟಪಟ ಅದ ಒಳಗ. ಕರಕರ ಅನ್ನಂಗಿಲ್ಲ. ಸಣ್ಣಾಗಿ ಸಣ್ಣಾಗಿ ಹೋಗಿ, ಎಲ್ಲೆ ಮುಗೀತು ಅಂತ ಗೊತ್ತಾಗೂದಿಲ್ಲ."

ಡಾಕ್ಟರು ತಲೆ ತಗ್ಗಿಸಿ ಕೇಳುತ್ತಿದ್ದರು. ಸಿತಾರವನ್ನಲ್ಲ, ದೇಸಾಯರ ಮಾತನ್ನು. ಆಮೇಲೆ ಮಗಳಿಗೆ ಫೋನು ಹಚ್ಚಿದರು. ಜವಾರಿ ಬಹಳ ಛಲೋ ಆಗಿದೆಯೆಂದು ದೇಸಾಯಿ ಹೇಳಿದ ಎಂದರು. ಆ ಕಡೆಯಿಂದ ಅವಳ ನಗು ನನಗೂ ಕೇಳಿಸಿತು. ದೇಸಾಯಿ ಕಾಕಾಗೆ ಏನು ತಿಳಿಯುತ್ತದೆ ಎಂದು ಕೇಳಿದಳು.

"ಅಂವಗ ಕೇಳಸ್ತೈತಿ," ಎಂದರು ಡಾಕ್ಟರು. "ಮನ್ಯಾಗ ಬಾರಿಸವ್ವಾ ಇನ್ನ. ನಾ ಬಾಜೂಕ ಕುಂಡ್ರತೇನಿ. ಏನೂ ಅನ್ನಂಗಿಲ್ಲ."

ಅವಳು ಏನೆಂದಳೋ ಕೇಳಿಸಲಿಲ್ಲ. ಡಾಕ್ಟರು ಹೂಂ, ಹೂಂ ಎಂದು ಫೋನು ಇಟ್ಟು, ಕರವಸ್ತ್ರದಿಂದ ಮುಖ ಒರೆಸಿಕೊಂಡರು.

ಈಗ ನನಗೆ ವಯಸ್ಸಾಗಿದೆ. ಚಾಲೂ ಆಗಲು ಬಹಳ ಹೊತ್ತು ಬೇಕು, ಬೇಸಿಗೆಯಲ್ಲಿ ನಾನಾಗಿಯೇ ಆರಿಹೋಗುತ್ತೇನೆ. ಗುಜರಿಯವನು ಬಂದಾಗಲೆಲ್ಲ ದೇಸಾಯರ ಹೆಂಡತಿ ನನ್ನ ಕಡೆ ಒಮ್ಮೆ ನೋಡುತ್ತಾರೆ. ರೋಹಿಣಿಯ ಆಡಿಷನ್ ಏನಾಗುತ್ತದೋ ಇನ್ನೂ ಗೊತ್ತಿಲ್ಲ. ಶನಿವಾರ ಡಾಕ್ಟರು ಬರುತ್ತಾರೆ. ದೇಸಾಯರು ಕೇಳಿ ಕೇಳಿ ಹೇಳುತ್ತಾರೆ, ಡಾಕ್ಟರು ನಡುನಡುವೆ ಪ್ರಶ್ನೆ ಹಾಕುತ್ತಾರೆ. ಇದರಲ್ಲಿ ಒಂದು ಹೊಸ ಪೀಡೆ ಶುರುವಾಗಿದೆ. ದೇಸಾಯರಿಗೆ ಈಗ ನಿಜವಾಗಿಯೂ ಕಿವಿ ಬಂದುಬಿಟ್ಟಿದೆ. ಹಾಡು ನಡೆಯುವಾಗ ಹೆಂಡತಿ ಪಾತ್ರೆ ಸದ್ದು ಮಾಡಿದರೆ ಸಿಡುಕುತ್ತಾರೆ. ಹೋದ ಶನಿವಾರ ಹಾಡಿನ ನಡುವೆ ಎದ್ದು, ದನಿ ಯಾಕೋ ಇಂದು ಸ್ವಲ್ಪ ಮಂಕು ಎನ್ನುತ್ತ ಸ್ಕ್ರೂಡ್ರೈವರ್ ಹಿಡಿದು ನನ್ನ ಬಳಿ ಬಂದರು.

ನನಗೆ ಸವೆದ ಸ್ಕ್ರೂಗಳೆಲ್ಲ ನೆನಪಾದವು.

ಡಾಕ್ಟರು ಕೂತಲ್ಲಿಂದಲೇ ಕೈ ಚಾಚಿ ಅವರನ್ನು ತಡೆದರು.

"ಅದನ್ನ ಮುಟ್ಟಬ್ಯಾಡ, ದೇಸಾಯಿ," ಎಂದರು. "ಅದಕ್ಕ ಏನೂ ಆಗಿಲ್ಲ."